ಆಟಿಯಲ್ಲಿ ಕೆಲಸಕ್ಕೆ ಸೇರಿದ ಒಂಬತ್ತು ಮಂದಿ

ಕಳೆದ ತಿಂಗಳು ನಾನು ನಿವೃತ್ತಳಾದೆ. ನನಗೆ ಮೂವತ್ತೆರಡು ವರ್ಷ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಹೇಳಿದರೆ ಜನ ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಾರೆ. ಹೊಸ ಪದವೀಧರರನ್ನು ಆರಿಸಿ ಕೆಲಸಕ್ಕೆ ಸೇರಿಸುವ ಉದ್ಯೋಗವನ್ನು ಇನ್ನು ಮಾಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅದಕ್ಕೆ ಬೇರೆ ಪದ ಸಿಗಲಿಲ್ಲ. ಬಿಟ್ಟ ಕಾರಣ ತಿಳಿಯಬೇಕಾದವರಿಗೆ ತಿಳಿದಿದೆ.

ಬೀಳ್ಕೊಡುಗೆಯ ದಿನ ಕಿರಿಯರು ಒಂದು ಕೆಲಸ ಹಚ್ಚಿದರು. "ಕಂಪನಿಯವರು ಹೊಸಬರಿಂದ ನಿಜವಾಗಿ ಎಂತ ನಿರೀಕ್ಷೆ ಮಾಡ್ತಾರೆ ಅಂತ ಬರೆದು ಕೊಡಿ ಮ್ಯಾಮ್. ಸ್ಲೈಡಿನಲ್ಲಿ ಇರುವುದು ಬೇಡ." ಹಾಗಾಗಿ ಇದು. ಬಡ್ತಿ, ಪ್ರಶಸ್ತಿಗಳ ಸುದ್ದಿ ಇಲ್ಲಿಲ್ಲ. ಅವು ಬಂದದ್ದೂ ಕಡಿಮೆ, ಹೇಳಲು ನನಗೆ ನಾಚಿಕೆಯೂ ಹೌದು.

ನನ್ನ ಮೊದಲ ಕೆಲಸ ಮಣಿಪಾಲದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ವಿದೇಶದ ಆಸ್ಪತ್ರೆಗಳ ರೋಗಿಗಳ ದಾಖಲೆಗಳನ್ನು ಓದಿ, ಪ್ರತಿ ಕಾಯಿಲೆಗೂ ಅದರ ಸಂಕೇತ ಸಂಖ್ಯೆ ಹಾಕುವ ಕಂಪನಿ ಅದು. ಮುಖ್ಯ ಕಚೇರಿ ಪುಣೆಯಲ್ಲಿ. ಮಣಿಪಾಲದ ಶಾಖೆ ಹೊಸದು, ಸಣ್ಣದು; ಅದರಲ್ಲಿ ಮಾನವ ಸಂಪನ್ಮೂಲ ವಿಭಾಗ ಎಂದರೆ ನಾನೊಬ್ಬಳೇ. ಆರು ತಿಂಗಳ ಪರೀಕ್ಷಾ ಅವಧಿಯಲ್ಲಿದ್ದೆ. ಶಾಖೆಯ ಮುಖ್ಯಸ್ಥರು ಧಾರವಾಡದ ಕುಲಕರ್ಣಿ ಸರ್. ಸ್ವಚ್ಛವಾಗಿ ಇಸ್ತ್ರಿ ಮಾಡಿದ ಅಂಗಿ, ಮೇಜಿನ ಮೇಲೆ ಒಂದು ಡಬ್ಬಿ ಶೇಂಗಾ ಚಟ್ನಿ ಪುಡಿ. ಕ್ಯಾಂಟೀನಿನ ಯಾವ ತಿಂಡಿಗೂ ಅದನ್ನು ಉದುರಿಸಿಕೊಂಡೇ ತಿನ್ನುತ್ತಿದ್ದರು.

ಮೊದಲ ವಾರವೇ ನನ್ನನ್ನು ಕಾರ್ಕಳದ ಒಂದು ಕಾಲೇಜಿಗೆ ಭಾಷಣಕ್ಕೆ ಕಳಿಸಿದರು. ವಿಷಯ: ಉದ್ಯೋಗದಾತರು ಪದವೀಧರರಲ್ಲಿ ಬಯಸುವ ಹತ್ತು ಗುಣಗಳು. ಸಂವಹನ, ಹೊಂದಾಣಿಕೆ, ನಾಯಕತ್ವ ಎಂದು ಒಂದೊಂದೇ ಸ್ಲೈಡು ತೋರಿಸಿದೆ. ಏಳನೆಯದು "ವೃತ್ತಿಪರತೆ: ಮನೆಯ ವಿಷಯಗಳನ್ನು ಕಚೇರಿಗೆ ತರಬೇಡಿ." ಈ ಏಳನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಕೊನೆಯಲ್ಲಿ ಪ್ರಶ್ನೆ ಉಂಟೇ ಎಂದು ಕೇಳಿದಾಗ ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತು ಬಹಳ ವಿನಯದಿಂದ ಕೇಳಿದಳು.

"ಮ್ಯಾಮ್, ಈ ಹತ್ತೂ ನಿಮ್ಮಲ್ಲಿ ಉಂಟಾ?"

ನಾನು ಲೆಕ್ಕ ಹಾಕಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲ. "ನಾಲ್ಕು ಉಂಟು," ಎಂದೆ. ಇಡೀ ಸಭಾಂಗಣ ನಕ್ಕಿತು. ಆ ಹುಡುಗಿಯ ಹೆಸರು ಸುಪ್ರೀತಾ. ಸಂದರ್ಶನಕ್ಕೆ ಬಂದಳು, ಆಯ್ಕೆಯಾದಳು.

ಸಂದರ್ಶನಗಳ ಬಗ್ಗೆ ಒಂದು ಮಾತು. ಆ ವರ್ಷ ಬಂದವರೆಲ್ಲ ಒಂದೇ ತರಬೇತಿ ಕೇಂದ್ರದಲ್ಲಿ ಕಲಿತವರಂತೆ ಕಾಣುತ್ತಿದ್ದರು. ನಿಮ್ಮ ದೌರ್ಬಲ್ಯವೇನು ಎಂದು ಕುಲಕರ್ಣಿ ಸರ್ ಕೇಳಿದರೆ ಸಾಲಾಗಿ ಎಲ್ಲರೂ, "ಎಲ್ಲವನ್ನೂ ಪರಿಪೂರ್ಣವಾಗಿ ಮಾಡಬೇಕೆನ್ನುವ ಹಟ," ಎಂದರು. ಮಧ್ಯಾಹ್ನದ ಹೊತ್ತಿಗೆ ಸರ್ ಕಣ್ಣು ಮುಚ್ಚತೊಡಗಿದ್ದರು. ಆಗ ಕಾಪುವಿನ ನಿಶಾಂತ ಒಳಗೆ ಬಂದ. ದೊಡ್ಡ ಮೈಯ, ಸಣ್ಣ ಧ್ವನಿಯ ಹುಡುಗ.

"ನಿಮ್ಮ ದೌರ್ಬಲ್ಯ ಏನ್ರಿ?"

"ಬಂಗುಡೆ ಪುಳಿಮುಂಚಿ, ಸರ್."

ಸರ್ ಕಣ್ಣು ತೆರೆದರು. "ಅದೇನ್ರಿ ಮೇಡಂ?" ಎಂದು ನನ್ನತ್ತ ತಿರುಗಿದರು. ಹುಳಿ ಖಾರದ ಮೀನಿನ ಪದಾರ್ಥ ಎಂದು ವಿವರಿಸಿದೆ. ಅವರು ವಾರದ ಕೆಲವು ದಿನ ಈರುಳ್ಳಿಯನ್ನೂ ಮುಟ್ಟದ ಸಸ್ಯಾಹಾರಿ. ಆದರೂ ಬಹಳ ಹೊತ್ತು ನಕ್ಕು, "ಖರೇ ಹೇಳಿದಾಂವ ಇವನೊಬ್ಬನs ನೋಡ್ರಿ, ಇವನ್ನ ತಗೋರಿ," ಎಂದರು. ಅಂಕಗಳೂ ಚೆನ್ನಾಗಿದ್ದವು, ತೆಗೆದುಕೊಂಡೆವು. ಹೀಗೆ ಅದೇ ಕಾಲೇಜಿನ ಒಂಬತ್ತು ಮಂದಿ ಆಯ್ಕೆಯಾದರು.

ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಒಂಬತ್ತು ಮಂದಿಯನ್ನೂ ಪ್ರಮಾಣಪತ್ರ ಪರಿಶೀಲನೆಗೆ ಕರೆಸಿದೆ. ಬಂದವರನ್ನು ಸುಮ್ಮನೆ ಕೂರಿಸುವುದು ಬೇಡವೆಂದು ತರಬೇತಿ ಹಾಲಿನ ಹೊಸ ಕುರ್ಚಿಗಳಲ್ಲಿ ಕೂರಿಸಿ, ಕಂಪ್ಯೂಟರಿನಲ್ಲಿ ಒಂದೊಂದು ಮಾದರಿ ಫೈಲು ಕೊಟ್ಟು ಸಂಕೇತ ಹಾಕಿಸಿದೆ. ಕೆಳಗಿನ ಹೋಟೆಲಿನಿಂದ ಬಾಳೆಹಣ್ಣಿನ ಸಿಹಿ ಬನ್ಸು, ಚಹಾ ತರಿಸಿದೆ. ಒಂದು ಕೈಯಲ್ಲಿ ಬನ್ಸು, ಇನ್ನೊಂದು ಕೈಯಲ್ಲಿ ಮೌಸು ಹಿಡಿದ ಒಂಬತ್ತು ಮಂದಿಯ ಒಂದು ಫೋಟೋ ತೆಗೆದೆ. ಕಂಪನಿಯ ಪತ್ರಿಕೆಗೆ ಬೇಕಾದೀತು ಎಂದು ಇಟ್ಟುಕೊಂಡೆ.

ಕೆಲಸಕ್ಕೆ ಸೇರುವ ದಿನವನ್ನು ಜುಲೈ ಆರಂಭಕ್ಕೆ ಗೊತ್ತುಮಾಡಿದ್ದೆವು. ಜೂನ್ ಕೊನೆಯಲ್ಲಿ ಕುಲಕರ್ಣಿ ಸರ್ ಕರೆದು, "ಮೇಡಂ, ಹುಡುಗರಿಗೆ ಜುಲೈ ಕೊನೀಗೆ ಬರಾಕ ಹೇಳ್ರಿ. ಕುರ್ಚಿ ಇನ್ನೂ ಬಂದಿಲ್ಲ," ಎಂದರು.

ಅವರ ಕೋಣೆಯ ಗಾಜಿನಾಚೆ ಕುರ್ಚಿಗಳು ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಪ್ಲಾಸ್ಟಿಕ್ ಹೊದಿಕೆಯನ್ನು ನಾನೇ ತೆಗೆದಿದ್ದೆ. ಆದರೆ ಪರೀಕ್ಷಾ ಅವಧಿಯಲ್ಲಿರುವವಳು ಇಂಥದ್ದನ್ನು ಎತ್ತಿ ಆಡುವುದಿಲ್ಲ. ಬೇರೆ ಕುರ್ಚಿಗಳಿರಬಹುದು ಎಂದುಕೊಂಡು ದಿನಾಂಕ ಬದಲಿಸಿ ಎಲ್ಲರಿಗೂ ತಿಳಿಸಿದೆ. ಒಂಬತ್ತು ಮಂದಿಯೂ ಒಂದು ಗಳಿಗೆಯೊಳಗೆ ಹೆಬ್ಬೆರಳಿನ ಚಿತ್ರ ಕಳಿಸಿದರು.

ಗೊತ್ತುಮಾಡಿದ ಸೋಮವಾರ ಬಂತು. ಹಾಲಿನ ಬಾಗಿಲಿಗೆ ಸೇವಂತಿಗೆ ಮಾಲೆ ಕಟ್ಟಿಸಿದ್ದೆ. ಒಂಬತ್ತು ಗುರುತಿನ ಚೀಟಿಗಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಜೋಡಿಸಿಟ್ಟಿದ್ದೆ. ಹೊರಗೆ ಮಣಿಪಾಲದ ಮಳೆ. ಮಳೆಗೆ ತಡವಾಗುತ್ತದೆ ಎಂದು ಕಾದೆವು. ಬನ್ಸು ತಣ್ಣಗಾಯಿತು. ಮಧ್ಯಾಹ್ನವಾಯಿತು. ಒಬ್ಬರೂ ಬರಲಿಲ್ಲ.

"ಏನ್ರಿ ಮೇಡಂ, ಒಂದು ನರಪಿಳ್ಳಿನೂ ಬಂದಿಲ್ಲಲ್ರಿ," ಎಂದರು ಸರ್. ಪುಣೆಯಿಂದ ದೂರವಾಣಿ ಬಂದ ಮೇಲೆ ಅವರ ಮುಖ ಇನ್ನೂ ಇಳಿಯಿತು. ಹೊಸ ಆಸ್ಪತ್ರೆಯೊಂದರ ಕೆಲಸ ನಮ್ಮ ಶಾಖೆಗೆಂದು ಬಂದಿತ್ತು. ಆ ವಾರವೇ ತರಬೇತಿ ಶುರುವಾಗದಿದ್ದರೆ ಆ ಕೆಲಸ ಪುಣೆಗೆ ಹೋಗುತ್ತದೆ. "ಶುಕ್ರವಾರದೊಳಗ ಬರದಿದ್ರ ಒಂಬತ್ತೂ ಆಫರ್ ಕ್ಯಾನ್ಸಲ್. ಆಮ್ಯಾಲೆ ಹೊಸಬರನ್ನ ತಗೊಳೋ ಕೆಲಸನs ಇಲ್ಲ ಅಂದ್ರ..." ಎಂದು ನಿಲ್ಲಿಸಿದರು. ವಾಕ್ಯದ ಉಳಿದ ಅರ್ಧದಲ್ಲಿ ನಾನಿದ್ದೆ.

ಒಬ್ಬೊಬ್ಬರಿಗೇ ಫೋನು ಮಾಡಿದೆ. ಸುಪ್ರೀತಾಳಿಗೆ ಕಾಮಾಲೆ. ಇನ್ನೊಬ್ಬಳಿಗೂ ಕಾಮಾಲೆ. ಒಬ್ಬನ ಬೈಕು ಕೆಟ್ಟಿದೆ. ಒಬ್ಬನ ಅಜ್ಜಿ ಬಚ್ಚಲಿನಲ್ಲಿ ಬಿದ್ದಿದ್ದಾರೆ. ಎಲ್ಲರೂ ಇಂಗ್ಲಿಷಿನಲ್ಲಿ, ಬಹಳ ಸಭ್ಯವಾಗಿ, ನಾನು ಕಲಿಸಿದ ರೀತಿಯಲ್ಲೇ ವಿಷಾದ ವ್ಯಕ್ತಪಡಿಸಿದರು. ಎಲ್ಲರಿಗೂ ಆಗಸ್ಟ್ ಹದಿನೇಳರ ನಂತರವೇ ಗುಣವಾಗುವುದಿತ್ತು. ಅಜ್ಜಿಗೂ, ಬೈಕಿಗೂ.

ಕೊನೆಯದು ನಿಶಾಂತ.

"ಮನೆಗೆ ಪೈಂಟ್ ಮಾಡ್ತಾ ಇದ್ದಾರೆ ಮ್ಯಾಮ್. ನಾನು ನಿಲ್ಲಬೇಕು."

"ಹೊರಗಿನ ಗೋಡೆಗಾ?"

"ಹೌದು ಮ್ಯಾಮ್, ಹೊರಗಿನದು."

ಫೋನಿನಲ್ಲಿ ಅವನ ಮನೆಯ ತಗಡಿನ ಮೇಲೆ ಮಳೆ ಸುರಿಯುವ ಸದ್ದಿಗೆ ಅವನ ಸಣ್ಣ ಧ್ವನಿ ಕೇಳುವುದೇ ಕಷ್ಟವಾಗುತ್ತಿತ್ತು. "ಬಣ್ಣ ಯಾವುದು?" ಎಂದೆ. "ಇನ್ನೂ ನೋಡ್ಲಿಲ್ಲ ಮ್ಯಾಮ್," ಎಂದ. ನಿಶಾಂತನಿಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುವುದು ಸಂದರ್ಶನದಲ್ಲೇ ನಮಗೆ ಗೊತ್ತಾಗಿತ್ತಲ್ಲ.

ಸರ್ ಬೇರೆ ಕಂಪನಿಯೊಂದು ಎಲ್ಲರನ್ನೂ ಹೊತ್ತುಕೊಂಡು ಹೋಗಿದೆ ಎಂದು ನಂಬಿದರು. ನನಗೂ ಬೇರೆ ವಿವರಣೆ ಹೊಳೆಯಲಿಲ್ಲ. ಸಂಜೆ ಉದ್ಯಾವರದ ನಮ್ಮ ಮನೆಗೆ ಹೋಗಿ ಚಹಾಕ್ಕೆ ಕೂತರೆ ಅಮ್ಮ ಬಟ್ಟಲು ತುಂಬ ಕೆಸುವಿನ ಎಲೆಯ ಪತ್ರೊಡೆ ತಂದಿಟ್ಟಳು. ಪಕ್ಕದ ಮನೆಯವರು ಕೊಟ್ಟದ್ದು.

"ಇವತ್ತು ಎಂತ ವಿಶೇಷ?" ಎಂದು ಕೊಂಕಣಿಯಲ್ಲಿ ಕೇಳಿದೆ.

"ಎಂತದೂ ಇಲ್ಲ. ಆಟಿ ಅಲ್ವಾ, ಅವರು ಮಾಡ್ತಾರೆ."

ಪತ್ರೊಡೆಯ ತುಂಡು ನನ್ನ ಬಾಯಿಯ ಹತ್ತಿರವೇ ನಿಂತಿತು. ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು. ಆ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸತು ಯಾವುದೂ ಇಲ್ಲ. ಹುಟ್ಟಿದಂದಿನಿಂದ ಈ ಊರಿನಲ್ಲಿದ್ದೇನೆ. ನಮ್ಮ ಮನೆಗೆ ಆಟಿ ಪ್ರತಿ ವರ್ಷ ತಪ್ಪದೆ ಪಕ್ಕದ ಮನೆಯ ಬಟ್ಟಲಿನಲ್ಲಿ ಬರುತ್ತದೆ. ತಿನ್ನುವುದರಾಚೆ ಅದರ ಬಗ್ಗೆ ನಾನು ಯೋಚಿಸಿರಲಿಲ್ಲ, ಅಷ್ಟೇ.

"ನಮಗೆ ಆಟಿ ಉಂಟಾ ಅಮ್ಮ?"

"ಛೆ, ನಾವು ಕ್ರಿಸ್ತಾಂವರು. ನಮಗೆ ಎಂತ ಆಟಿ?" ಎಂದ ಅಮ್ಮ, ಸ್ವಲ್ಪ ತಡೆದು, "ನಿನ್ನ ಅಕ್ಕನ ನಿಶ್ಚಿತಾರ್ಥ ಆಗಸ್ಟ್ ಕೊನೆಗೆ ಇಟ್ಟದ್ದು ಹಾಲ್ ಸಿಗಲಿಲ್ಲ ಅಂತ," ಎಂದಳು. ನಾನು ಕೇಳಿರಲೇ ಇಲ್ಲ.

ಮರುದಿನ ರಜೆ ಹಾಕಿ ಕಾರ್ಕಳದ ಬಸ್ಸು ಹತ್ತಿದೆ. ಸುಪ್ರೀತಾಳ ಮನೆಯ ಅಂಗಳಕ್ಕೆ ಕಾಲಿಡುವಾಗ ಕಾಮಾಲೆಯ ರೋಗಿ ಕೊಡೆ ಹಿಡಿದುಕೊಂಡು, ಲಂಗ ಎತ್ತಿ ಕಟ್ಟಿ, ಗೋಡೆಯ ಬುಡದಲ್ಲಿ ತಗತೆ ಸೊಪ್ಪು ಕೊಯ್ಯುತ್ತಿದ್ದಳು. ನನ್ನನ್ನು ಕಂಡವಳೇ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದಳು. ಕೊಡೆ ಪಾರದರ್ಶಕವಾಗಿತ್ತು.

ಅವಳ ತಾಯಿ ಹೊರಗೆ ಬಂದರು. ಮಗಳಂತೆ ಸುತ್ತಿ ಬಳಸುವವರಲ್ಲ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಕಾಮಾಲೆಯೂ ಇಲ್ಲ ಎಂತದೂ ಇಲ್ಲ. ಆಟಿಯಲ್ಲಿ ಯಾರಾದ್ರೂ ಮಕ್ಕಳನ್ನು ಹೊಸ ಕೆಲಸಕ್ಕೆ ಕಳಿಸ್ತಾರಾ? ಅವಳ ಮೊದಲ ಕೆಲಸ. ನಮ್ಮ ಮನೆಯಲ್ಲೇ ಮೊದಲ ಕೆಲಸ."

"ಇದನ್ನು ನನ್ನ ಹತ್ತಿರ ಹೇಳಬಹುದಿತ್ತಲ್ಲ ಸುಪ್ರೀತಾ?"

ಕೊಡೆಯ ಹಿಂದಿನಿಂದ ಉತ್ತರ ಬಂತು. "ನೀವೇ ಹೇಳಿದ್ದಲ್ವಾ ಮ್ಯಾಮ್, ಏಳನೇ ಸ್ಲೈಡು. ಮನೆಯ ವಿಷಯ ಆಫೀಸಿಗೆ ತರಬಾರದು ಅಂತ."

ನನಗೆ ಅಲ್ಲಿಯೇ ನಗು ಬಂತು. ಒಂಬತ್ತು ಮಂದಿ ನನ್ನ ಭಾಷಣವನ್ನು ನಿಜಕ್ಕೂ ಕೇಳಿಸಿಕೊಂಡಿದ್ದರು. ಅಂಥದ್ದು ಆಮೇಲೆ ನನ್ನ ವೃತ್ತಿಯಲ್ಲಿ ಮತ್ತೆ ನಡೆಯಲಿಲ್ಲ. ಶುಕ್ರವಾರದ ಗಡುವನ್ನೂ ಆಫರ್ ರದ್ದಾಗುವುದನ್ನೂ ಹೇಳಿದೆ. ಸುಪ್ರೀತಾ ಕೊಡೆ ಇಳಿಸಿದಳು. ಅವಳ ಮುಖ ಸಣ್ಣದಾಗಿತ್ತು. ಆಗ ನನ್ನ ನಗು ನಿಂತಿತು.

"ಆಟಿಯಲ್ಲಿ ಮಾಡಲೇಬೇಕಾದ ಕೆಲಸ ಬಂದರೆ ನೀವು ಎಂತ ಮಾಡ್ತೀರಿ?" ಎಂದು ತಾಯಿಯನ್ನು ಕೇಳಿದೆ.

"ಮೊದಲೇ ಗೊತ್ತಿದ್ರೆ ಉಪಾಯ ಉಂಟು. ಹೋದ ವರ್ಷ ನನ್ನ ತಂಗಿ ಬಾಡಿಗೆ ಮನೆ ಬದಲಿಸಿದ್ದು ಆಟಿಯಲ್ಲೇ. ಆಟಿಯ ಮೊದಲೇ ಹೋಗಿ ಹೊಸ ಮನೆಯಲ್ಲಿ ಹಾಲು ಕಾಯಿಸಿ, ಒಂದು ಚಾಪೆ ಇಟ್ಟು ಬಂದಿದ್ದಳು. ಮತ್ತೆ ಅದು ಹೊಸತಲ್ಲ. ಸುರುವಾದ ಕೆಲಸವನ್ನು ಮುಂದುವರಿಸಿದ್ದು."

ನಾನು ಚೀಲದಿಂದ ಫೋನು ತೆಗೆದೆ. ಬನ್ಸಿನ ಫೋಟೋ ತೋರಿಸಿದೆ. ಅವರು ಕನ್ನಡಕ ತಂದು, ಫೋಟೋವನ್ನು ಹಿಗ್ಗಿಸಿ ನೋಡಿ, ನ್ಯಾಯಾಧೀಶರಂತೆ ಒಂದೊಂದೇ ಕೇಳತೊಡಗಿದರು.

"ಇದು ಯಾವಾಗ?"

"ಮೇ ಕೊನೆಗೆ."

"ಕುರ್ಚಿ ಅವಳದ್ದೆಯಾ?"

"ಅವಳಿಗೆ ಅಂತಲೇ ಇಟ್ಟದ್ದು."

"ಕೈಯಲ್ಲಿ ಎಂತ, ಬನ್ಸಾ? ಹಾಗಾದ್ರೆ ಸಿಹಿಯೂ ತಿಂದಿದ್ದಾಳೆ." ಮಗಳತ್ತ ತಿರುಗಿದರು. "ಕೆಲಸ ಎಂತಾದ್ರೂ ಮಾಡಿದ್ದೀಯಾ, ಬರೀ ತಿಂದದ್ದಾ?"

"ಒಂದು ಫೈಲ್ ಮಾಡಿದ್ದೇನೆ ಅಮ್ಮ. ತಪ್ಪಾಗಿತ್ತು."

"ತಪ್ಪಾದ್ರೂ ಕೆಲಸವೇ." ಕನ್ನಡಕ ತೆಗೆದರು. "ಸುರುವಾಗಿದೆ ಮೇಡಂ. ಇದು ಹೊಸತಲ್ಲ. ಇಷ್ಟು ದಿನ ಇವಳು ರಜೆಯಲ್ಲಿದ್ದದ್ದು."

ಸುಪ್ರೀತಾ ಆಗಲೇ ತನ್ನ ಫೋನು ತರಲು ಒಳಗೆ ಓಡಿದ್ದಳು. ಫೋಟೋವನ್ನು ನನ್ನಿಂದ ಕಳಿಸಿಕೊಂಡು, ತೀರ್ಪನ್ನು ತಾಯಿಯ ಬಾಯಲ್ಲಿ ಇನ್ನೊಮ್ಮೆ ಹೇಳಿಸಿ ಮುದ್ರಿಸಿಕೊಂಡಳು. ಒಂಬತ್ತು ಮಂದಿಗೆ ನನ್ನನ್ನು ಬಿಟ್ಟು ಒಂದು ವಾಟ್ಸಾಪ್ ಗುಂಪು ಇತ್ತಂತೆ. ಅವಳ ತಾಯಿ ತಂದಿಟ್ಟ ಪತ್ರೊಡೆಯನ್ನು ನಾನು ತಿಂದು ಮುಗಿಸುವ ಮೊದಲೇ ಆ ಫೋಟೋ, ತಾಯಿಯ ತೀರ್ಪಿನ ಧ್ವನಿಮುದ್ರಣದ ಸಮೇತ, ಎಂಟು ಮನೆಗಳ ಅಮ್ಮಂದಿರನ್ನು ತಲುಪಿತ್ತು.

ಉಳಿದದ್ದು ಕುಲಕರ್ಣಿ ಸರ್. ಮರುದಿನ ಬೆಳಿಗ್ಗೆ ಅವರ ಕೋಣೆಯಲ್ಲಿ ನಿಂತೆ. ಸುಳ್ಳು ಹೇಳಿದ ಒಂಬತ್ತು ಮಂದಿಯನ್ನು ಅವರು ತೆಗೆದುಹಾಕಿದರೆ ಆಕ್ಷೇಪಿಸುವ ಹಾಗಿರಲಿಲ್ಲ.

"ಸರ್, ಯಾರಿಗೂ ಕಾಮಾಲೆ ಇಲ್ಲ. ಬೇರೆ ಕಂಪನಿಯೂ ಇಲ್ಲ."

"ಮತ್ತ ಏನದ?"

"ಆಟಿ ಉಂಟು."

"ಅದ್ಯಾವ ರೋಗರಿ?"

ವಿವರಿಸಿದೆ. ಕಾರ್ಕಳದ ತೀರ್ಪನ್ನು ಹೇಳಿ ಫೋಟೋ ಮುಂದಿಟ್ಟೆ. ಅವರು ನಗುತ್ತಾರೆ ಅಥವಾ ಸಿಟ್ಟಾಗುತ್ತಾರೆ ಎಂದು ಕಾದೆ. ಎರಡೂ ಆಗಲಿಲ್ಲ. ಫೋಟೋವನ್ನೇ ನೋಡುತ್ತಿದ್ದರು. ನಿಧಾನವಾಗಿ ಕಿವಿ ಕೆಂಪಾಯಿತು.

"ಕುರ್ಚಿ ಕಾಣ್ತಾವ," ಎಂದರು.

ಆಗ ನನಗೂ ಕಂಡಿತು. ಒಂಬತ್ತು ಹೊಸ ಕುರ್ಚಿಗಳು, ಮೇ ತಿಂಗಳಲ್ಲಿ.

"ಖರೇ ಹೇಳ್ತೀನ್ರಿ ಮೇಡಂ. ನಮ್ಮ ಅವ್ವ ಫೋನ್ ಮಾಡಿ, ಆಷಾಢದಾಗ ಹೊಸಾ ಮಂದೀನ ತಗೋಬ್ಯಾಡ, ಶ್ರಾವಣ ಹತ್ತಲಿ ಅಂದ್ಲು. ಅದನ್ನ ಹ್ಯಾಂಗ ಹೇಳೂದು ಆಫೀಸಿನ್ಯಾಗ? ಕುರ್ಚಿ ಬಂದಿಲ್ಲ ಅಂದೆ." ಸ್ವಲ್ಪ ಯೋಚಿಸಿದರು. "ಈ ಆಟಿ ಅನ್ನೂದು ನಮ್ಮ ಆಷಾಢದಂಗs ಹೌದಲ್ರಿ?"

"ಹಾಗೆಯೇ ಸರ್. ಆದರೆ ನಿಮ್ಮದು ಚಂದ್ರನ ಲೆಕ್ಕ, ಇಲ್ಲಿಯದು ಸೂರ್ಯನ ಲೆಕ್ಕ. ನಿಮ್ಮದು ಮುಗಿಯುವಾಗ ಇಲ್ಲಿಯದು ಅರ್ಧದಲ್ಲಿರುತ್ತದೆ."

"ಅಂದ್ರ ಆಷಾಢ ತಪ್ಪಸಾಕ ಹೋಗಿ ನಾನs ಎಲ್ಲಾರನ್ನೂ ಆಟಿಯೊಳಗ ಕೆಡವಿದೆ."

"ಹೌದು ಸರ್."

"ಕುರ್ಚಿ ಬಂದಾವ ಅಂತ ನೀವರ ಹೇಳಬೇಕಿಲ್ಲೇನ್ರಿ?"

"ನೀವು ಮುಖ್ಯಸ್ಥರು ಸರ್. ನಾನು ಪರೀಕ್ಷಾ ಅವಧಿಯವಳು."

"ಅದೂ ಖರೇ," ಎಂದು ಅವರು ನಗತೊಡಗಿದರು. ನಾನೂ ನಕ್ಕೆ. ನಾನು ಕಚೇರಿಯಲ್ಲಿ ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು. ಹೊರಗಿನವರು ಗಾಜಿನಲ್ಲಿ ಇಣುಕಿದರು.

ತಡವಾದ ಕಾರಣವನ್ನು ಪುಣೆಗೆ ಏನೆಂದು ಬರೆಯುವುದು ಎಂಬ ಪ್ರಶ್ನೆ ಬಂತು. ಇದ್ದದ್ದನ್ನೇ ಬರೆಯೋಣ ಎಂದೆ. ಬರೆದೆವು, ಆಷಾಢ, ಆಟಿ ಎರಡನ್ನೂ. ಅಲ್ಲಿಯ ಮೇಲಧಿಕಾರಿ ಒಬ್ಬ ಗಂಭೀರ ಮಹಿಳೆ. ಅವರ ಉತ್ತರ ಸಂಜೆ ಬಂತು: ಶುಕ್ರವಾರ ಶುರುಮಾಡಿ, ಅಡ್ಡಿಯಿಲ್ಲ, ಪ್ರತಿ ಸೆಪ್ಟೆಂಬರಿನಲ್ಲಿ ಸರ್ವರ್ ದುರಸ್ತಿ ಎಂದು ಎರಡು ವಾರ ನಾವು ಯಾವ ಹೊಸ ಕೆಲಸವನ್ನೂ ಹಿಡಿಯುವುದಿಲ್ಲವಲ್ಲ, ಅದು ಪಿತೃಪಕ್ಷ. ಸರ್ವರಿಗೆ ಎಂದೂ ಏನೂ ಆಗಿರಲಿಲ್ಲ.

ಶುಕ್ರವಾರ ಒಂಬತ್ತು ಮಂದಿಯೂ ಬಂದರು. ನಿಶಾಂತನ ಜೊತೆ ಅವನ ತಾಯಿಯೂ ಕಾಪುವಿನಿಂದ ಬಂದಿದ್ದರು. ಅವರದ್ದು ಒಂದೇ ಷರತ್ತು. "ಅದೇ ಕುರ್ಚಿಯಲ್ಲಿ ಕೂರಬೇಕು. ಬೇರೆಯದರಲ್ಲಿ ಕೂತ್ರೆ ಅದು ಹೊಸತಾಗ್ತದೆ." ಈ ಮಾತು ಕೇಳಿದ್ದೇ ಉಳಿದ ಎಂಟು ಮಂದಿಯೂ ಎದ್ದು ನಿಂತರು. ಕುರ್ಚಿಗಳೆಲ್ಲ ಒಂದೇ ತರಹದವು, ಅಷ್ಟರಲ್ಲಿ ಗುಡಿಸುವವರು ಅವನ್ನು ಹತ್ತು ಸಲ ಅತ್ತಿತ್ತ ತಳ್ಳಿದ್ದರು. ಕುಲಕರ್ಣಿ ಸರ್ ನನ್ನ ಫೋನು ಹಿಡಿದು, ಫೋಟೋ ಹಿಗ್ಗಿಸಿ, ಹಾಲಿನ ನಡುವೆ ನಿಂತು ಹಿಡಿಕೆಯ ಗೀರು, ಚಕ್ರದ ಬಣ್ಣ ನೋಡಿ ಒಬ್ಬೊಬ್ಬರನ್ನೇ ಕೂರಿಸಿದರು. "ನೀ ಕಿಡಕಿ ಕಡೆ ಬಾರಪ್ಪಾ ಬಂಗುಡೆ. ಏ ಕಾಮಾಲೆ, ನೀ ಅಲ್ಲಲ್ಲ, ಈಚೆ." ಎಲ್ಲರೂ ಕೂತ ಮೇಲೆ ನಿಶಾಂತನ ತಾಯಿ ಒಂದು ಸುತ್ತು ಬಂದು ನೋಡಿ, ಸರಿ ಇದೆ ಎಂದು ತಲೆಯಾಡಿಸಿ ಬಸ್ಸಿಗೆ ಹೋದರು. ಪುಣೆಯ ತರಬೇತುದಾರರು ಪರದೆಯ ಮೇಲೆ ಇದನ್ನೆಲ್ಲ ನೋಡುತ್ತಿದ್ದರು. ಎಲ್ಲರೂ ಕೂತದ್ದು ನೋಡಿ ಮೊದಲ ಪಾಠ ಶುರುಮಾಡಿದರು.

ನಿಶಾಂತನ ಮನೆಗೆ ಮುಂದಿನ ಬೇಸಗೆಯಲ್ಲಿ ನಿಜವಾಗಿಯೂ ಬಣ್ಣ ಬಳಿಸಿದರು. ತಿಳಿ ಹಸಿರು. ಫೋಟೋ ಕಳಿಸಿ, "ಈಗ ನೋಡಿದೆ ಮ್ಯಾಮ್," ಎಂದು ಬರೆದಿದ್ದ.

ಕಿರಿಯರು ಕೇಳಿದ ಪ್ರಶ್ನೆಗೆ ಬರುತ್ತೇನೆ. ಆಮೇಲೆ ನಾನು ಬೇರೆ ಎರಡು ಕಡೆ ಕೆಲಸ ಮಾಡಿದೆ. ಹತ್ತು ಗುಣಗಳು ಎಲ್ಲಿಯೂ ಯಾರಲ್ಲಿಯೂ ಪೂರ್ತಿ ಸಿಗಲಿಲ್ಲ. ನಾಯಕತ್ವ ಬೇಕೆಂದವರು ಹೇಳಿದ್ದನ್ನು ಕೇಳುವವರನ್ನೇ ತೆಗೆದುಕೊಂಡರು. ಸಂವಹನವೆಂದರೆ ನಿರರ್ಗಳ ಇಂಗ್ಲಿಷ್ ಎಂದು ಹೆದರಬೇಡಿ. ಎಂಟು ಮಂದಿ ನನಗೆ ನಿರರ್ಗಳ ಇಂಗ್ಲಿಷಿನಲ್ಲಿ ಕಾಮಾಲೆ, ಬೈಕು, ಅಜ್ಜಿಯ ಕಥೆ ಹೇಳಿದ್ದರು. ನಾಳೆ ಬರಲಾಗುವುದಿಲ್ಲ ಎಂದಾದರೆ ಇವತ್ತು ಹೇಳಿ, ಇದ್ದ ಕಾರಣವನ್ನೇ ಹೇಳಿ. ಅದು ನಿಮಗೆ ಎಷ್ಟು ವಿಚಿತ್ರವೆನ್ನಿಸಿದರೂ ಮೇಜಿನ ಆಚೆ ಬದಿಯಲ್ಲಿರುವವರ ಮನೆಯಲ್ಲಿ ಅದಕ್ಕಿಂತ ವಿಚಿತ್ರವಾದದ್ದು ಇರುತ್ತದೆ. ನನ್ನ ಏಳನೆಯ ಸ್ಲೈಡನ್ನು ನಾನು ಅದೇ ವಾರ ತೆಗೆದುಹಾಕಿದೆ.

ನನ್ನ ಪರೀಕ್ಷಾ ಅವಧಿ ಆಗಸ್ಟ್ ಆರಂಭದಲ್ಲಿ ಮುಗಿಯಿತು. ಕೆಲಸ ಕಾಯಂ ಆದ ಪತ್ರ ಬರಲಿಲ್ಲ. ಒಂದು ವಾರ ಸುಮ್ಮನಿದ್ದೆ. ಆಮೇಲೆ ಕುಲಕರ್ಣಿ ಸರ್ ಬಳಿ ಹೋಗಿ ಕೇಳಿದೆ. ಅವರು ಚಟ್ನಿ ಪುಡಿಯ ಡಬ್ಬಿಯ ಮುಚ್ಚಳ ತಿರುಗಿಸುತ್ತ, "ಪ್ರಿಂಟರಿನ ಇಂಕ್ ಮುಗದದರಿ," ಎಂದರು.

ಅವರ ಹಿಂದೆ ಪ್ರಿಂಟರ್ ತರಬೇತಿಯ ಹಾಳೆಗಳನ್ನು ಒಂದರ ಮೇಲೊಂದು ಉದುರಿಸುತ್ತಿತ್ತು.

ಈ ಸಲ ನಾನು ಸುಮ್ಮನಿರಲಿಲ್ಲ. "ಸರ್, ಇಂಕ್ ಉಂಟಲ್ಲ."

ಅವರು ತಿರುಗಿ ಪ್ರಿಂಟರನ್ನು ನೋಡಿದರು. ನನ್ನನ್ನು ನೋಡಿದರು. "ಆಟಿ ಮುಗೀಲಿ ತಡೀರಿ ಮೇಡಂ," ಎಂದರು. "ಮೊದಲ ಸಲ ಪರ್ಮನೆಂಟ್ ಆಗಾಕತ್ತೀರಿ."

ನಮಗೆ ಆಟಿ ಇಲ್ಲ ಸರ್ ಎಂದು ಹೇಳಬೇಕೆಂದಿದ್ದೆ. ಅಕ್ಕನ ನಿಶ್ಚಿತಾರ್ಥಕ್ಕೆ ಅಮ್ಮನಿಗೆ ಸಿಗದ ಹಾಲ್ ನೆನಪಾಯಿತು. ಆಗಲಿ ಸರ್ ಎಂದು ಹೇಳಿ ನನ್ನ ಕುರ್ಚಿಗೆ ಹೋಗಿ ಕೂತೆ.